ಎಂಜಿನ್ ಮೌಂಟಿಂಗ್‌ ಪೊಟ್ಟಣದ ಮೇಲೆ ಬಿಗಿತದ ಅಂಕಿಯನ್ನೂ ಮುದ್ರಿಸಲಿ

ಮಾನ್ಯ ಸಂಪಾದಕರೇ,

ಎಂಟು ಹತ್ತು ವರ್ಷ ಓಡಿದ ಸಣ್ಣ ಕಾರು ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್‌ನಿಂದ ಸೀಟಿನವರೆಗೆ ನಡುಗುತ್ತಿದ್ದರೆ, ಎ.ಸಿ. ಹಾಕಿದ ಕೂಡಲೇ ಆ ನಡುಕ ಹೆಚ್ಚಿದರೆ, ಕ್ಲಚ್ ಬಿಡುವಾಗ ಬಾನೆಟ್‌ ಒಳಗಿನಿಂದ ‘ಧಡ್’ ಎಂಬ ಸದ್ದು ಬಂದರೆ, ಬಹಳಷ್ಟು ಮಾಲೀಕರು ‘ಗಾಡಿಗೆ ವಯಸ್ಸಾಯಿತು, ಎಂಜಿನ್ ಹೋಯಿತು’ ಎಂದುಕೊಂಡು ಸಿಕ್ಕ ಬೆಲೆಗೆ ಮಾರುವ ಯೋಚನೆಗೆ ಬೀಳುತ್ತಾರೆ. ಆದರೆ ಇಂಥ ಎಷ್ಟೋ ಕಾರುಗಳಲ್ಲಿ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಸವೆದಿರುವುದು ಅದನ್ನು ಹೊತ್ತಿರುವ ರಬ್ಬರ್ ಮೌಂಟಿಂಗ್‌ಗಳು ಮಾತ್ರ. ಐ.ಟಿ.ಐ.ಯ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾಗಿರುವ ನನ್ನ ಬಳಿ ಈ ಕೆಲಸವನ್ನು ಮನೆಯಂಗಳದಲ್ಲೇ ಮಾಡಬಹುದೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಮಾಡಬಹುದು ಎಂಬುದೇ ನನ್ನ ಉತ್ತರ. ಆದರೆ ಅದನ್ನು ಸರಿಯಾಗಿ ಮಾಡಲು ಬೇಕಾದ ಒಂದು ಮುಖ್ಯ ಮಾಹಿತಿಯನ್ನು, ಅಂದರೆ ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯಬೇಕು ಎಂಬ ಅಂಕಿಯನ್ನು, ವಾಹನ ತಯಾರಕರು ಮಾಲೀಕರ ಕೈಗೆ ಕೊಡುತ್ತಿಲ್ಲ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಮುಂದಿನ ಚಕ್ರಗಳಿಂದ ಓಡುವ ಸಣ್ಣ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಜೋಡಿಯಾಗಿ ಅಡ್ಡಕ್ಕೆ ಕೂತಿರುತ್ತವೆ. ಆ ಜೋಡಿಯನ್ನು ದೇಹಕ್ಕೆ ಸೇರಿಸುವುದು ಸಾಮಾನ್ಯವಾಗಿ ಮೂರು, ಕೆಲವು ಕಾರುಗಳಲ್ಲಿ ನಾಲ್ಕು ಮೌಂಟಿಂಗ್‌ಗಳು: ಎಂಜಿನ್‌ ಬದಿಗೊಂದು, ಗೇರ್‌ಬಾಕ್ಸ್‌ ಬದಿಗೊಂದು, ಹಿಂಬದಿಯಲ್ಲಿ ಕೆಳಗೆ ಮತ್ತೊಂದು. ಮೊದಲೆರಡು ಭಾರ ಹೊರುತ್ತವೆ; ಹಿಂದಿನದು ಎಂಜಿನ್ ತಿರುಚಿ ಮಗುಚದಂತೆ ಹಿಡಿಯುತ್ತದೆ. ಪ್ರತಿಯೊಂದರಲ್ಲೂ ಎರಡು ಲೋಹದ ಭಾಗಗಳ ನಡುವೆ ಕಾಯಿಸಿ ಅಂಟಿಸಿದ ರಬ್ಬರ್ ಇರುತ್ತದೆ. ಕೆಲವು ಕಾರುಗಳಲ್ಲಿ ರಬ್ಬರಿನ ಒಳಗೆ ದ್ರವ ತುಂಬಿದ ಮೌಂಟಿಂಗ್‌ಗಳೂ ಇರುವುದರಿಂದ, ಅವುಗಳ ಕೆಳಗೆ ಕಪ್ಪು ಒದ್ದೆ ಕಲೆ ಕಂಡರೆ ಒಳಗಿನ ದ್ರವ ಸೋರಿದೆ ಎಂದೇ ತಿಳಿಯಬೇಕು.

ನಮ್ಮ ಸಣ್ಣ ಕಾರುಗಳಲ್ಲಿ ಈ ರಬ್ಬರಿಗೆ ಕೆಲಸ ಹೆಚ್ಚು. 1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ಆಲ್ಟೊವರೆಗೆ ನಮ್ಮ ಮಧ್ಯಮ ವರ್ಗ ನೆಚ್ಚಿಕೊಂಡ ಅನೇಕ ಸಣ್ಣ ಕಾರುಗಳದು ಮೂರು ಸಿಲಿಂಡರ್‌ಗಳ ಎಂಜಿನ್. ನಿಂತಲ್ಲೇ ನಿಮಿಷಕ್ಕೆ 850 ಸುತ್ತು ತಿರುಗುವ ಇಂಥ ಎಂಜಿನ್‌ನಲ್ಲಿ ನಿಮಿಷಕ್ಕೆ 1,275 ಸಲ, ಅಂದರೆ ಸೆಕೆಂಡಿಗೆ ಸುಮಾರು 21 ಸಲ, ಇಂಧನ ಹೊತ್ತಿ ಉರಿಯುತ್ತದೆ. ಅದರ ಜೊತೆಗೆ ಮೂರು ಪಿಸ್ಟನ್‌ಗಳ ಚಲನೆಯಿಂದಾಗಿ ಎಂಜಿನ್ನಿನ ಎರಡು ತುದಿಗಳು ಒಂದಾದ ಮೇಲೊಂದು ಏರಿಳಿಯುವ ತೂಗಾಟವೂ ಇರುತ್ತದೆ. ಇವೆರಡನ್ನೂ ನುಂಗಿಕೊಳ್ಳಬೇಕಾದದ್ದು ರಬ್ಬರೇ. ಸಾಲದ್ದಕ್ಕೆ, ಬಲವನ್ನು ಎರಡೂ ಬದಿಯ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಸಹ ಗೇರ್‌ಬಾಕ್ಸಿನ ಒಳಗೇ ಇರುವುದರಿಂದ, ಮೊದಲ ಗೇರ್‌ನಲ್ಲಿ ಚಕ್ರಕ್ಕೆ ಹೋಗುವ ತಿರುಚು ಬಲ ಎಂಜಿನ್ ಕೊಡುವುದರ ಹತ್ತು ಪಟ್ಟಿಗೂ ಹೆಚ್ಚಾಗಿರುತ್ತದೆ, ಮತ್ತು ಅದರ ಪ್ರತಿಬಲವೆಲ್ಲ ಈ ಮೌಂಟಿಂಗ್‌ಗಳ ಮೇಲೆಯೇ ಬೀಳುತ್ತದೆ. ‘ಧಡ್’ ಎನ್ನುವ ಸದ್ದು ಮೊದಲ ಗೇರ್ ಮತ್ತು ರಿವರ್ಸ್‌ನಲ್ಲೇ ಸ್ಪಷ್ಟವಾಗಿ ಕೇಳುವುದು ಇದಕ್ಕಾಗಿ.

ರಬ್ಬರ್ ಕೆಡಲು ಬಿಸಿ ಮತ್ತು ವಯಸ್ಸು ಸಾಕು, ಆದರೆ ಅದನ್ನು ಬೇಗ ಕೊಲ್ಲುವುದು ಎಣ್ಣೆ. ಎಂಜಿನ್ ಮೇಲಿನ ಕವರ್‌ನ ಗ್ಯಾಸ್ಕೆಟ್ ಸೋರಿ ಹನಿಹನಿಯಾಗಿ ಮೌಂಟಿಂಗ್ ಮೇಲೆ ಬೀಳುತ್ತಿದ್ದರೆ ರಬ್ಬರ್ ಉಬ್ಬಿ, ಮೆತ್ತಗಾಗಿ, ಲೋಹದಿಂದ ಬಿಟ್ಟುಕೊಳ್ಳುತ್ತದೆ. ಗ್ಯಾಸ್ಕೆಟ್ ಬದಲಿಸದೆ ಹೊಸ ಮೌಂಟಿಂಗ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಇನ್ನು ನಮ್ಮ ರಸ್ತೆ ಉಬ್ಬುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಉಬ್ಬು 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರವಿರಬೇಕು. ಊರೂರಿನಲ್ಲಿ ರಾತ್ರೋರಾತ್ರಿ ಹಾಕುವ, ಮೊಳದಗಲದ ಕಡಿದಾದ ದಿಣ್ಣೆಗಳಿಗೂ ಈ ಅಳತೆಗೂ ಏನೂ ಸಂಬಂಧವಿಲ್ಲ. ಅಲ್ಲಿ ಹಾರಿ ಕುಕ್ಕುವ ಪ್ರತಿ ಸಲವೂ ಎಂಜಿನ್ನಿನ ಇಡೀ ತೂಕ ರಬ್ಬರನ್ನು ಜಗ್ಗುತ್ತದೆ.

ಮೌಂಟಿಂಗ್ ಕೊಳ್ಳುವ ಮುನ್ನ ದೋಷ ಅದರದೇ ಹೌದೇ ಎಂದು ನೋಡಬೇಕು. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೂ ಕಾರು ಹೀಗೆಯೇ ನಡುಗುತ್ತದೆ. ಅವೆಲ್ಲ ಸರಿಯಿದ್ದರೆ, ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಗಟ್ಟಿಯಾಗಿ ತುಳಿದಿಟ್ಟು, ಒಬ್ಬರು ಮೊದಲ ಗೇರ್‌ನಲ್ಲಿ ಕ್ಲಚ್ಚನ್ನು ಹಿಡಿಯುವ ಹಂತದವರೆಗೆ ಮಾತ್ರ ನಿಧಾನವಾಗಿ ಬಿಡಬೇಕು; ಆಮೇಲೆ ರಿವರ್ಸ್‌ನಲ್ಲಿಯೂ ಹಾಗೆಯೇ. ಇನ್ನೊಬ್ಬರು ಕಾರಿನ ಎದುರಿಗಲ್ಲ, ಪಕ್ಕದಲ್ಲಿ ನಿಂತು ನೋಡಬೇಕು. ಎಂಜಿನ್ ತುಸು ಒಲೆದು ತನ್ನ ಜಾಗಕ್ಕೆ ಮರಳುವುದು ಸಹಜ. ಒಂದು ಬದಿ ಎರಡು ಬೆರಳಗಲ ಎದ್ದು ಸದ್ದಿನೊಂದಿಗೆ ಕೆಳಗೆ ಬಿದ್ದರೆ ಆ ಬದಿಯ ರಬ್ಬರ್ ಹರಿದಿದೆ. ಇದನ್ನು ಹಾಗೆಯೇ ಬಿಟ್ಟರೆ ಸೈಲೆನ್ಸರ್ ಪೈಪು, ರೇಡಿಯೇಟರ್ ಹೋಸ್, ಗೇರ್ ಕೇಬಲ್, ಆಕ್ಸಲ್ ಜಾಯಿಂಟ್ ಎಲ್ಲವೂ ಅಳತೆ ಮೀರಿ ಎಳೆದಾಡಿಸಿಕೊಳ್ಳುತ್ತವೆ. ಸಂದಿಗೆ ಟಯರ್ ತುಂಡು ತುರುಕಿ ಸದ್ದು ಅಡಗಿಸುವ ಉಪಾಯ ಕೆಲವು ಕಡೆ ನಡೆಯುತ್ತದೆ. ಅದರಿಂದ ಸದ್ದು ನಿಲ್ಲಬಹುದು, ನಡುಕ ನೇರವಾಗಿ ಕಾರಿನ ದೇಹಕ್ಕೆ ಹೋಗುತ್ತದೆ.

ಕೆಲಸದ ಕ್ರಮ ಕಷ್ಟದ್ದಲ್ಲ, ಆದರೆ ಭಾರದ ವಿಷಯದಲ್ಲಿ ರಾಜಿ ಸಲ್ಲದು. ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು, ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ಅಡೆ ಕೊಟ್ಟಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಕಾರಿನ ಜೊತೆ ಬರುವ ಜಾಕ್ ಇರುವುದು ಟಯರ್ ಬದಲಿಸಲಿಕ್ಕೆ ಮಾತ್ರ. ಹಿಂಬದಿಯ ಮೌಂಟಿಂಗ್‌ಗಾಗಿ ಕೆಳಗೆ ಹೋಗಲೇಬೇಕಾದರೆ ಕಾರು ಕಡ್ಡಾಯವಾಗಿ ಕಾರಿನ ಭಾರ ಹೊರಲೆಂದೇ ಇರುವ ಜಾಕ್ ಸ್ಟ್ಯಾಂಡ್‌ಗಳ ಮೇಲೆ ನಿಂತಿರಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ, ಯಾವ ಕಾರಣಕ್ಕೂ, ಒಂದು ಕ್ಷಣಕ್ಕೂ ತಲೆ ಹಾಕಕೂಡದು.

ಎಂಜಿನ್ನಿಗೆ ಆಸರೆ ಕೊಡುವುದು ಎರಡನೆಯ ಹೆಜ್ಜೆ. ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ಚೇಂಬರ್ ತೆಳು ತಗಡಿನದೋ ಅಲ್ಯೂಮಿನಿಯಮ್ಮಿನದೋ ಆಗಿರುವುದರಿಂದ, ಜಾಕಿನ ತಲೆಯನ್ನು ನೇರವಾಗಿ ಅದಕ್ಕೆ ಆನಿಸಿದರೆ ತಗ್ಗು ಬೀಳುತ್ತದೆ ಅಥವಾ ಬಿರುಕು ಬಿಡುತ್ತದೆ. ನಡುವೆ ಚೇಂಬರಿನ ತಳದಷ್ಟು ಅಗಲದ ದಪ್ಪ ಹಲಗೆ ಇಟ್ಟು, ಡ್ರೇನ್ ಬೋಲ್ಟಿಗೆ ತಾಗದಂತೆ ನೋಡಿಕೊಂಡು, ಹೈಡ್ರಾಲಿಕ್ ಜಾಕಿನಿಂದ ಸ್ವಲ್ಪಸ್ವಲ್ಪವೇ ಎತ್ತಬೇಕು. ಎಷ್ಟು ಎತ್ತಬೇಕು ಎಂಬುದನ್ನು ಕಣ್ಣಿಗಿಂತ ಬೋಲ್ಟ್ ಚೆನ್ನಾಗಿ ಹೇಳುತ್ತದೆ. ಸಡಿಲಿಸಿದ ಬೋಲ್ಟ್ ಸ್ಪ್ಯಾನರ್ ಇಲ್ಲದೆ ಬೆರಳಿನಲ್ಲೇ ಸಲೀಸಾಗಿ ತಿರುಗಿ ಹೊರಬಂದರೆ ಮೌಂಟಿಂಗ್ ಮೇಲೆ ಭಾರವಿಲ್ಲ ಎಂದರ್ಥ; ಅರ್ಧಕ್ಕೆ ಕಚ್ಚಿಕೊಂಡರೆ ಎಂಜಿನ್ ಇನ್ನೂ ಒಂದೆರಡು ಮಿಲಿಮೀಟರ್ ಮೇಲೋ ಕೆಳಗೋ ಇದೆ ಎಂದರ್ಥ. ಅಲ್ಲಿ ಸುತ್ತಿಗೆ ಬಳಸಬಾರದು, ಜಾಕನ್ನು ಹೊಂದಿಸಬೇಕು. ಒಂದು ಸಲಕ್ಕೆ ಒಂದೇ ಮೌಂಟಿಂಗ್ ಬಿಚ್ಚಬೇಕು, ಉಳಿದವು ಎಂಜಿನ್ನನ್ನು ತನ್ನ ಜಾಗದಲ್ಲಿ ಹಿಡಿದಿರುತ್ತವೆ. ಗೇರ್‌ಬಾಕ್ಸ್ ಬದಿಯದು ಅನೇಕ ಕಾರುಗಳಲ್ಲಿ ಬ್ಯಾಟರಿ ತಟ್ಟೆಯ ಕೆಳಗಿರುವುದರಿಂದ ತಟ್ಟೆಯನ್ನು ತೆಗೆದರೆ ಮೇಲಿನಿಂದಲೇ ಕೈ ಹೋಗುತ್ತದೆ. ಕೆಲವೆಡೆ ಎಂಜಿನ್ನಿನ ಅರ್ಥ್ ತಂತಿಯನ್ನು ಮೌಂಟಿಂಗ್ ಬೋಲ್ಟಿಗೇ ಕಟ್ಟಿರುತ್ತಾರೆ. ಮತ್ತೆ ಜೋಡಿಸುವಾಗ ಅದನ್ನು ಬಿಟ್ಟರೆ ಕಾರು ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ.

ಒಂದು ಮೌಂಟಿಂಗ್ ಪೂರ್ತಿ ಕುಸಿದಿದ್ದರೆ ಉಳಿದವನ್ನೂ ಅದೇ ದಿನ ಪರೀಕ್ಷಿಸುವುದು ಒಳ್ಳೆಯದು. ಜೋಡಿಯಲ್ಲಿ ಒಂದು ಎತ್ತು ಸೊರಗಿದರೆ ನೊಗದ ಭಾರ ಇನ್ನೊಂದರ ಹೆಗಲಿಗೆ ಬೀಳುವಂತೆ, ಗಟ್ಟಿಯಿದ್ದ ರಬ್ಬರ್ ಅಷ್ಟು ದಿನ ಇಬ್ಬರ ಕೆಲಸ ಮಾಡಿರುತ್ತದೆ.

ಇನ್ನು ಬಿಗಿಯುವ ವಿಚಾರ. ಮನೆಯಲ್ಲಿ ಮಾಡಿದ ಕೆಲಸ ಕೆಡುವುದೂ, ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸ ಕೆಡುವುದೂ ಹೆಚ್ಚಾಗಿ ಇಲ್ಲಿಯೇ. ಬೋಲ್ಟ್‌ಗಳನ್ನು ಮೊದಲು ಕೈಯಿಂದಲೇ ಹಲವು ಸುತ್ತು ಕೂರಿಸಬೇಕು; ದೇಹದ ಒಳಗೆ ಬೆಸುಗೆ ಹಾಕಿದ ನಟ್ಟಿನ ಮರೆ (ತಿರುಪಿನ ಸುತ್ತುಗೆರೆ) ಒಮ್ಮೆ ಹಾಳಾದರೆ ಅದನ್ನು ಸರಿಪಡಿಸುವುದು ಮೌಂಟಿಂಗ್ ಬದಲಿಸುವುದಕ್ಕಿಂತ ದೊಡ್ಡ ಕೆಲಸ. ಎಲ್ಲ ಬೋಲ್ಟ್ ಕೂತ ಮೇಲೆ ಜಾಕ್ ಇಳಿಸಿ, ಕಾರಿನ ತೂಕ ಚಕ್ರಗಳ ಮೇಲೆ, ಎಂಜಿನ್ನಿನ ತೂಕ ಮೌಂಟಿಂಗ್‌ಗಳ ಮೇಲೆ ಬಂದ ನಂತರ ಎಂಜಿನ್ನನ್ನು ಕೈಯಿಂದ ಹಿಂದೆಮುಂದೆ ಅಲುಗಾಡಿಸಿ, ಅದು ತಾನಾಗಿ ನಿಂತ ಸ್ಥಾನದಲ್ಲಿಯೇ ಕೊನೆಯ ಬಿಗಿತ ಕೊಡಬೇಕು. ಹಿಂಬದಿಯ ಮೌಂಟಿಂಗ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಎಂಜಿನ್ ಎತ್ತಿದ ಸ್ಥಿತಿಯಲ್ಲೇ ಅದರ ಬೋಲ್ಟ್ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡು ಆಮೇಲೆ ಯಾವಾಗಲೂ ಹಾಗೆಯೇ ಉಳಿಯುತ್ತದೆ. ಹೊಸದಾದರೂ ಕಾರು ನಡುಗುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ‘ಹೊಸ ಮೌಂಟಿಂಗ್ ಹಾಕಿಸಿದರೂ ಏನೂ ಬದಲಾಗಲಿಲ್ಲ’ ಎಂದು ದೂರುವವರ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಆ ಕೊನೆಯ ಬಿಗಿತ ಎಷ್ಟಿರಬೇಕು? ಕಡಿಮೆಯಾದರೆ ಬೋಲ್ಟ್ ಸಡಿಲಗೊಳ್ಳುತ್ತದೆ, ಹೆಚ್ಚಾದರೆ ಮರೆ ಕಿತ್ತುಬರುತ್ತದೆ. ಸರಿಯಾದ ಅಂಕಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ತಯಾರಕರ ವರ್ಕ್‌ಶಾಪ್ ಕೈಪಿಡಿಯಲ್ಲಿದೆ. ಅದು ಕಾರಿನಿಂದ ಕಾರಿಗೆ, ಒಂದೇ ಕಾರಿನಲ್ಲಿ ಬೋಲ್ಟಿನಿಂದ ಬೋಲ್ಟಿಗೆ ಬೇರೆಯಾಗುತ್ತದೆ. ಯಾವ ಬೋಲ್ಟನ್ನು ಮತ್ತೆ ಬಳಸಬಾರದು, ಮೌಂಟಿಂಗ್ ಮೇಲಿನ ಬಾಣದ ಗುರುತು ಯಾವ ಕಡೆಗಿರಬೇಕು ಎಂಬುದೂ ಅಲ್ಲಿಯೇ ಇರುತ್ತದೆ. ಆ ಕೈಪಿಡಿ ಅಧಿಕೃತ ಸರ್ವಿಸ್ ಕೇಂದ್ರದ ಒಳಗಿರುತ್ತದೆ. ಕಾರಿನ ಜೊತೆ ಮಾಲೀಕರಿಗೆ ಕೊಡುವ ಪುಸ್ತಕದಲ್ಲಿ ಚಕ್ರದ ನಟ್ಟಿನ ಬಿಗಿತ ಇರಬಹುದೇ ಹೊರತು ಇದು ಇರುವುದಿಲ್ಲ. ಬೋಲ್ಟನ್ನು ಹೊಂದಿಸಿದಷ್ಟೇ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್ ಇಂದು ಯಾವ ಊರಿನ ಹಾರ್ಡ್‌ವೇರ್ ಅಂಗಡಿಯ ಮೂಲಕವಾದರೂ ತರಿಸಬಹುದಾದ ಸಾಧನ. ಅದನ್ನು ಎಷ್ಟಕ್ಕೆ ಹೊಂದಿಸಬೇಕು ಎಂಬ ಅಂಕಿಯೇ ಇಲ್ಲದಿದ್ದರೆ ಸಾಧನದಿಂದ ಪ್ರಯೋಜನವಿಲ್ಲ. ಅಂಗಳದಲ್ಲಿ ಕೆಲಸ ಮಾಡುವ ಮಾಲೀಕ ಮಾತ್ರವಲ್ಲ, ರಸ್ತೆ ಬದಿಯ ಗ್ಯಾರೇಜಿನ ನುರಿತ ಮೆಕ್ಯಾನಿಕ್ ಕೂಡ ಕೈಯ ಅಂದಾಜಿನಲ್ಲೇ ಬಿಗಿಯಬೇಕಾಗಿ ಬಂದಿರುವುದು ಈ ಕೊರತೆಯಿಂದ.

ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ದಂಡದ ವಿಚಾರ ಮೇಲ್ಮನವಿಗಳಿಗೆ ಹೋಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಇವು ಸ್ವಾಗತಾರ್ಹ ಹೆಜ್ಜೆಗಳೇ. ಆದರೆ ಬಳ್ಳಾರಿಯಲ್ಲೋ ಸಿರಸಿಯಲ್ಲೋ ಬಾನೆಟ್ ಎತ್ತಿ ನಿಂತವರಿಗೆ ಬೇಕಾದ ಆ ಒಂದು ಅಂಕಿ ಇನ್ನೂ ಅವರ ಕೈಗೆ ಸುಲಭವಾಗಿ ಸಿಗುವಂತಾಗಿಲ್ಲ.

ಪರಿಹಾರ ದುಬಾರಿಯದಲ್ಲ. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಿಂಗಳು ಮತ್ತು ವರ್ಷ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಈಗಾಗಲೇ ಹೇಳುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಾಗಲಿ, ಅಧಿಕೃತ ಮಾರಾಟಗಾರರಲ್ಲಾಗಲಿ ನಾನು ಕೈಗೆತ್ತಿಕೊಂಡು ನೋಡಿದ ಮೌಂಟಿಂಗ್ ಪೊಟ್ಟಣಗಳಲ್ಲಿ ಇವೆಲ್ಲ ಇದ್ದವು, ಬಿಗಿತದ ಅಂಕಿ ಇರಲಿಲ್ಲ. ಬೆಲೆ ಮುದ್ರಿಸುವ ಅದೇ ಚೀಟಿಯಲ್ಲಿ ಇನ್ನೆರಡು ಸಾಲಿಗೆ ಜಾಗವಿದೆ. ಪ್ರತಿ ಬೋಲ್ಟಿನ ಬಿಗಿತ ಎಷ್ಟು, ಕೊನೆಯ ಬಿಗಿತ ಎಂಜಿನ್ನಿನ ಭಾರ ಮೌಂಟಿಂಗ್ ಮೇಲೆ ಬಂದ ನಂತರವೇ ಕೊಡಬೇಕು ಎಂಬ ಸೂಚನೆ, ಇವಿಷ್ಟನ್ನು ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ ತಯಾರಕರಿಗೆ ಸೂಚಿಸಲಿ. ನಕಲಿ ಬಿಡಿಭಾಗ ಮಾರುವವರು ಈ ಅಂಕಿಗಳನ್ನೂ ನಕಲು ಮಾಡುತ್ತಾರೆ ಎಂಬ ಆಕ್ಷೇಪ ಬರಬಹುದು; ಅವರು ಬೆಲೆ ಚೀಟಿಯನ್ನೂ ನಕಲು ಮಾಡುತ್ತಾರೆ, ಅದಕ್ಕಾಗಿ ಯಾರೂ ಬೆಲೆ ಮುದ್ರಿಸುವುದನ್ನು ಬಿಟ್ಟಿಲ್ಲ.

ಮನೆಯಲ್ಲಿ ಮಾಡಲು ಧೈರ್ಯವಾಗದವರು, ಸ್ಟ್ಯಾಂಡ್‌ಗಳಿಲ್ಲದವರು, ಒಬ್ಬರೇ ಇರುವವರು ಈ ಕೆಲಸವನ್ನು ನಂಬಿಕೆಯ ಮೆಕ್ಯಾನಿಕ್‌ಗೆ ಬಿಡುವುದೇ ಸರಿ. ಅಂಥವರಿಗಾಗಿ ಇನ್ನೊಂದು ಕೋರಿಕೆ: ‘ಎಂಜಿನ್ ಮೌಂಟಿಂಗ್ ಬದಲಾವಣೆ’ ಎಂದು ಒಂದೇ ಸಾಲು ಬರೆಯುವ ಬದಲು, ಯಾವ ಬದಿಯದನ್ನು ಬದಲಿಸಲಾಯಿತು, ಎಷ್ಟಕ್ಕೆ ಬಿಗಿಯಲಾಯಿತು ಎಂಬುದನ್ನು ಸರ್ವಿಸ್ ಕೇಂದ್ರಗಳು ಬಿಲ್ಲಿನಲ್ಲಿ ನಮೂದಿಸಲಿ, ತೆಗೆದ ಹಳೆಯ ಮೌಂಟಿಂಗನ್ನು ಕೇಳದೆಯೇ ಮಾಲೀಕರ ಕೈಗೆ ಕೊಡಲಿ.

ಇತಿ,
ಐ.ಟಿ.ಐ. ನಿವೃತ್ತ ಬೋಧಕ,
ದಾವಣಗೆರೆ