ಇಡೀ ರಾತ್ರಿ ಕೂಟ ಇಡುವ ಮೊದಲು

ರಾಯಚೂರು

ಪ್ರೀತಿಯ ದಾನಿಯೇಲನಿಗೆ ನಿನ್ನ ದೊಡ್ಡವ್ವನ ಆಶೀರ್ವಾದ. ಕರ್ತನ ನಾಮದಲ್ಲಿ ಮನೆಮಂದಿಗೆಲ್ಲ ವಂದನೆ.

ಗಂಗಾವತಿಯ ನಿಮ್ಮ ಸಭೆಯ ಯೌವನಸ್ಥರಿಗೆ ಇಡೀ ರಾತ್ರಿ ಕೂಟ ಇಡಬೇಕೆಂದಿದ್ದೀ. ಪಾಸ್ಟರ್ ಅಯ್ಯನವರು ಹೂಂ ಅಂದಿದ್ದಾರೆ, ಹಿರಿಯರು ಮುಖ ಗಂಟು ಹಾಕಿದ್ದಾರೆ ಎಂದು ಬರೆದಿದ್ದೀ. ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನನ್ನು ಕೇಳಿದರೆ ವರ್ಷಕ್ಕೊಮ್ಮೆ ಇಡು, ರಾತ್ರಿ ಹನ್ನೆರಡೂವರೆಗೆ ಎಲ್ಲರನ್ನೂ ಮಲಗಿಸು. ಇಂಥ ಕೂಟದ ಲಾಭವೆಲ್ಲ ಹತ್ತರಿಂದ ಹನ್ನೆರಡರೊಳಗೆ ಬರುತ್ತದೆ, ಕೇಡು ಹುಟ್ಟುವುದು ಒಂದು ಗಂಟೆ ದಾಟಿದ ಮೇಲೆ.

ಲಾಭ ಸಣ್ಣದಲ್ಲ. ಹಾಸ್ಟೆಲಿನ ಹುಡುಗರು, ಸುತ್ತಲಿನ ಕ್ಯಾಂಪು ಹಳ್ಳಿಗಳಿಂದ ಬರುವವರು ಭಾನುವಾರ ಆರಾಧನೆ ಮುಗಿದ ಕೂಡಲೇ ಬಸ್ಸಿಗೆ ಓಡುತ್ತಾರೆ. ಪಕ್ಕದಲ್ಲಿ ಕೂತವನ ಹೆಸರೂ ಗೊತ್ತಿರುವುದಿಲ್ಲ. ಊಟವಾಗಿ, ಫೋನುಗಳನ್ನು ಒಂದು ಡಬ್ಬಿಗೆ ಹಾಕಿಸಿ, ಆರಾರು ಮಂದಿಯನ್ನು ಒಬ್ಬ ಹಿರಿಯರ ಜೊತೆ ಕೂರಿಸಿದರೆ ಹಗಲಲ್ಲಿ ಬಾಯಿ ಬಿಡದವರೂ ಮಾತಾಡುತ್ತಾರೆ. ಪಿಯುಸಿ ಫೇಲಾದದ್ದು, ಅಪ್ಪನ ಕುಡಿತ, ಪ್ರಾರ್ಥನೆಯಲ್ಲಿ ನಂಬಿಕೆ ಕುಂದಿದ್ದು ಎಲ್ಲ ಹೊರಬರುತ್ತದೆ. ಅದಕ್ಕಾಗಿ ಒಂದು ರಾತ್ರಿ ಕಷ್ಟಪಡಬಹುದು. ಆ ಹಿರಿಯರು ಕೇಳುವವರಾಗಿರಬೇಕು. ಬುದ್ಧಿ ಹೇಳುವವರು ನಮ್ಮ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ.

ಒಂದು ಗಂಟೆಯ ನಂತರ ನಿದ್ದೆಗೆಟ್ಟ ಮಕ್ಕಳು ಸಣ್ಣದಕ್ಕೂ ಅಳುತ್ತಾರೆ, ಜಗಳಕ್ಕೆ ನಿಲ್ಲುತ್ತಾರೆ. ಅದನ್ನೇ ಪವಿತ್ರಾತ್ಮನ ಕಾರ್ಯವೆಂದು ತಿಳಿದು ರಾತ್ರಿ ಎರಡಕ್ಕೆ ‘ಮುಂದೆ ಬನ್ನಿ, ಒಪ್ಪಿಸಿಕೊಡಿ’ ಎಂದು ಕರೆಯಬೇಡ. ಸುಸ್ತಿನಲ್ಲಿ ಮಾಡಿದ ತೀರ್ಮಾನ ನಿದ್ದೆ ತಿಳಿದ ಮೇಲೆ ನಿಲ್ಲುವುದಿಲ್ಲ, ಆಮೇಲೆ ಆ ಮಗುವಿಗೆ ಸಭೆಗೆ ಬರಲೂ ನಾಚಿಕೆ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ತೆಗೆದು ನೋಡು. ಪೌಲನೇ ನಡುರಾತ್ರಿವರೆಗೆ ಪ್ರಸಂಗ ಎಳೆದಾಗ ಕಿಟಕಿಯಲ್ಲಿ ಕೂತ ಯೌವನಸ್ಥ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ನಿಮ್ಮ ಪ್ರಸಂಗಿಗಳು ಪೌಲನಿಗಿಂತ ಚೆನ್ನಾಗಿ ಮಾತಾಡುತ್ತಾರೆಂದು ನಾನಂತೂ ನಂಬುವುದಿಲ್ಲ. ಮೂರ್ಛೆರೋಗ ಇರುವವರಿಗೆ ನಿದ್ದೆಗೇಡಿನಿಂದಲೇ ಫಿಟ್ಸ್ ಬರಬಹುದು ಎಂಬುದೂ ನೆನಪಿರಲಿ.

ಇನ್ನು ವಯಸ್ಸಿನ ವಿಷಯ. ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಯೌವನಸ್ಥರು ಅಂದರೆ 13ರ ಹುಡುಗಿಯಿಂದ ಮದುವೆಯಾಗದ 30ರ ಗಂಡಸಿನವರೆಗೆ ಎಲ್ಲರೂ ಸೇರುತ್ತಾರೆ. ಹಗಲಿಗೆ ನಡೆಯುತ್ತದೆ, ರಾತ್ರಿಗೆ ಬೇಡ. 18 ತುಂಬದವರು ಸಂಜೆ ಐದಕ್ಕೆ ಬರಲಿ, ಆಡಲಿ, ಹಾಡಲಿ, ಉಣ್ಣಲಿ. ಒಂಬತ್ತೂವರೆಗೆ ಮನೆಯವರೇ ಬಂದು ಕರೆದುಕೊಂಡು ಹೋಗಿ, ಬೆಳಿಗ್ಗೆ ಆರರ ಪ್ರಾರ್ಥನೆಗೆ ಮತ್ತೆ ಬಿಡಲಿ. ದೂರದ ಹಳ್ಳಿಯಿಂದ ಬಂದು ಉಳಿಯಲೇಬೇಕಾದವರಿಗೆ ಬೇರೆ ಕೋಣೆ, ಬೇರೆ ಮೇಲ್ವಿಚಾರಕರು. 30 ಜನ ಉಳಿದರೆ ಕಡಿಮೆಯೆಂದರೂ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಬೇಕು. ರಾತ್ರಿ 11ರಿಂದ 2, 2ರಿಂದ 5 ಎಂದು ಪಾಳಿ ಹಂಚು. ಹೆಣ್ಣುಮಕ್ಕಳ ಕಡೆ ಹೆಂಗಸರೇ ಎಚ್ಚರ ಇರಬೇಕು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿಕೊಂಡು ಪ್ರಾರ್ಥನೆ ಮಾಡುವಂತಿಲ್ಲ, ಅಯ್ಯನವರಾದರೂ ಸರಿ.

ಮಗು ಏನಾದರೂ ಹೇಳಿಕೊಂಡರೆ ‘ಸಭೆಯೊಳಗೇ ಮುಗಿಸೋಣ’ ಎನ್ನುವ ಹಿರಿಯರು ಸಿಗುತ್ತಾರೆ. ಅವರ ಮಾತು ಕೇಳಬೇಡ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098. ಈ ನಂಬರನ್ನೂ ಆಂಬುಲೆನ್ಸಿನ 108ನ್ನೂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸು.

ಒಪ್ಪಿಗೆ ಪತ್ರ ಕಾಗದದ ಮೇಲೆಯೇ ಇರಲಿ, ವಾಟ್ಸಾಪ್ ಸಾಲದು. ತಂದೆ ಅಥವಾ ತಾಯಿಯ ಸಹಿ, ರಾತ್ರಿ ಎತ್ತುವ ಫೋನ್ ನಂಬರು, ಆಸ್ತಮಾ, ಫಿಟ್ಸ್, ನುಂಗುವ ಗುಳಿಗೆ, ಬೆಳಿಗ್ಗೆ ಕರೆದೊಯ್ಯುವವರ ಹೆಸರು, ಇಷ್ಟು ಇದ್ದರೆ ಸಾಕು. ಸಹಿ ಮಾಡಿದವರಿಗೆ ನೀನೇ ಒಂದು ಸಲ ಫೋನ್ ಮಾಡು, ಮಕ್ಕಳೇ ಸಹಿ ಹಾಕಿ ತರುವುದುಂಟು. ಬೇರೆ ಧರ್ಮದ ಗೆಳೆಯರನ್ನು ಕರೆತರುತ್ತೇವೆ ಎಂದರೆ ರಾತ್ರಿಗೆ ಬೇಡ ಎನ್ನು. ಅವರ ಮನೆಯವರಿಗೂ ನಿಮ್ಮ ಸಭೆಗೂ ಇಲ್ಲದ ತಲೆನೋವು.

ಕಾಲ ನೋಡಿ ಇಡು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ನಡುರಾತ್ರಿವರೆಗೂ ಸೆಖೆ ಬಿಡುತ್ತಿರುತ್ತದೆ. ಆಗ ಎಲ್ಲರೂ ಮಾಳಿಗೆಗೆ ಹೋಗುತ್ತಾರೆ. ಕಟ್ಟೆ ಎತ್ತರವಿಲ್ಲದ ಮಾಳಿಗೆಯಲ್ಲಿ ಯಾರನ್ನೂ ಮಲಗಿಸಬಾರದು. ಮಾರ್ಚ್ ಪರೀಕ್ಷೆಗೆ ಹೋಯಿತು. ಡಿಸೆಂಬರ್, ಜನವರಿಯೇ ಒಳ್ಳೆಯದು. ಶನಿವಾರ ರಾತ್ರಿ ಬಿಡು, ಮರುದಿನದ ಆರಾಧನೆಯಲ್ಲಿ ಸಾಲಾಗಿ ಗೊರಕೆ ಹೊಡೆಯುತ್ತಾರೆ. ಸರ್ಕಾರಿ ರಜೆಯ ಹಿಂದಿನ ರಾತ್ರಿ ಹಿಡಿ. ಹತ್ತಕ್ಕೆ ಮೈಕು, ಡ್ರಮ್ಮು ಬಂದ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮದಲ್ಲೇ ತಡೆಯಿದೆ, ಅಕ್ಕಪಕ್ಕದವರ ನಿದ್ದೆಯ ಮಾತು ಬೇರೆ. ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಕೀಲಿಕೈ ಒಯ್ಯುವುದು ಬೇಡ. ಕರೆಂಟಿನ ಬೆಂಕಿ ಹತ್ತಿದರೆ ಒಳಗಿದ್ದವರು ಹೊರಬರುವ ದಾರಿಯಿರುವುದಿಲ್ಲ. ಒಳಗಿನ ಚಿಲಕ ಸಾಕು, ಅದರ ಪಕ್ಕ ಒಬ್ಬರು ಕೂರಲಿ.

ಊಟಕ್ಕೆ 30 ಜನಕ್ಕೆ 4 ಕಿಲೋ ಅಕ್ಕಿ ಹಿಡಿ. ಅನ್ನ ಉಳಿದರೆ ಪಾತ್ರೆಯಲ್ಲೇ ಬಿಟ್ಟು ನಡುರಾತ್ರಿ ಬಡಿಸಬೇಡ, ಬೆಚ್ಚಗೆ ಗಂಟೆಗಟ್ಟಲೆ ಇದ್ದ ಅನ್ನದಿಂದಲೇ ವಾಂತಿ ಶುರುವಾಗುವುದು. ಹನ್ನೊಂದಕ್ಕೆ ಮಂಡಾಳು (ಮಂಡಕ್ಕಿ) ಒಗ್ಗರಣೆ ಕಲಸಿ ಕೊಡು, ಮಿರ್ಚಿ ಆಗಲೇ ಕರಿದದ್ದಾಗಲಿ. 20 ಲೀಟರಿನ ನೀರಿನ ಕ್ಯಾನು ಮೂರು ಬೇಕು. ಹೆಣ್ಣುಮಕ್ಕಳ ಶೌಚಾಲಯದ ದಾರಿಗೆ ಬೆಳಗಾಗುವವರೆಗೆ ಲೈಟ್ ಉರಿಯಲಿ, ಒಂದು ಪ್ಯಾಕೆಟ್ ಪ್ಯಾಡ್ ಅಲ್ಲೇ ಇರಲಿ. ಚೇಳಿನ ಊರು ನಮ್ಮದು, ಚಪ್ಪಲಿ ಕೊಡವಿ ಹಾಕಿಕೊಳ್ಳಲು ಹೇಳು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ, ಕೂಡಲೇ ಸರ್ಕಾರಿ ಆಸ್ಪತ್ರೆ. ಮಲಗಿದವರ ಫೋಟೋ ಯಾರೂ ಸ್ಟೇಟಸ್ಸಿಗೆ ಹಾಕಬಾರದು.

ಆನೆಗೊಂದಿ, ಸಾಣಾಪುರದ ಕಡೆ ಬಯಲಿನಲ್ಲಿ ಇಡೋಣ ಎಂದು ಹುಡುಗರು ಹಟ ಹಿಡಿಯುತ್ತಾರೆ. ತುಂಗಭದ್ರಾ ಹೊಳೆಯಲ್ಲಿ ಮೊಸಳೆಗಳಿವೆ. ಎಡದಂಡೆ ಕಾಲುವೆಯ ಇಳಿಜಾರು ಕಟ್ಟೆ ಪಾಚಿಗಟ್ಟಿರುತ್ತದೆ, ಕಾಲು ಜಾರಿ ಸೆಳವಿಗೆ ಸಿಕ್ಕರೆ ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಮೊದಲ ವರ್ಷ ಚರ್ಚಿನ ಕಾಂಪೌಂಡ್ ದಾಟಬೇಡ. ಬೆಳಿಗ್ಗೆ ಎದ್ದವರಿಗೆ ಚಹಾ, ನಾಷ್ಟಾ ಕೊಟ್ಟೇ ಕಳಿಸು, ನಿದ್ದೆಗಣ್ಣಲ್ಲಿ ಬೈಕ್ ಕೊಡಬೇಡ. ಡಿಸೆಂಬರ್ 31ರ ಆರಾಧನೆಗೂ ಇದೇ ಮಾತು. ಅವತ್ತು ರಸ್ತೆಯಲ್ಲಿ ಕುಡಿದವರೇ ಜಾಸ್ತಿ, ಹನ್ನೆರಡೂವರೆಗೆ ಮೂರು ಮೂರು ಜನ ಒಂದು ಗಾಡಿಯಲ್ಲಿ ಹೊರಡುವುದನ್ನು ಗೇಟಿನಲ್ಲೇ ತಡೆ.

ರಾತ್ರಿ ಉಳಿಯುವ ಇಬ್ಬರು ಹೆಂಗಸರ ಹೆಸರು ಗಟ್ಟಿಯಾಗುವವರೆಗೆ ಭಾನುವಾರದ ಪ್ರಕಟಣೆಯಲ್ಲಿ ತಾರೀಖು ಓದಿಸಬೇಡ. ಅವರು ಸಿಗದಿದ್ದರೆ ಈ ವರ್ಷ ರಾತ್ರಿ ಹತ್ತಕ್ಕೇ ಮುಗಿಸು.

ನಿನ್ನ ದೊಡ್ಡವ್ವ