ಒಂದೇ ಮೈಕಿನ ಮುಂದೆ ಅಪ್ಪ, ಮಗ

ಆತ್ಮೀಯ ಓದುಗರೇ,

ಅಮೆರಿಕದ ಮೇರಿಲ್ಯಾಂಡ್‌ ರಾಜ್ಯದ ಪಶ್ಚಿಮ ಭಾಗದಲ್ಲಿ, ಪೊಟೊಮ್ಯಾಕ್ ನದಿ ಗುಡ್ಡಗಳನ್ನು ಬಳಸಿ ಹರಿಯುವೆಡೆ, ಕಂಬರ್ಲೆಂಡ್ ಎಂಬ ಊರಿದೆ. ಅಲ್ಲಿನ ಜಾತ್ರೆಯ ಮೈದಾನದಲ್ಲಿ ಮೇ ತಿಂಗಳ ಕೊನೆಯ ದೀರ್ಘ ವಾರಾಂತ್ಯದಂದು 'ಡೆಲ್‌ಫೆಸ್ಟ್' ಎಂಬ ಸಂಗೀತೋತ್ಸವ ನಡೆಯುತ್ತದೆ. 2008ರಲ್ಲಿ ಆರಂಭವಾದ ಈ ಉತ್ಸವಕ್ಕೆ ಹೆಸರು ಬಂದದ್ದು ಡೆಲ್ ಮೆಕೂರಿ ಅವರಿಂದ; ಅವರು ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತವಾದ ಬ್ಲೂಗ್ರಾಸ್‌ನ ಗಾಯಕ. ಸ್ನೇಹಿತರ ಒತ್ತಾಯಕ್ಕೆ ಮಣಿದು ಅಲ್ಲಿಗೆ ಹೋಗಿದ್ದ ನಾನು, ಹುಲ್ಲಿನ ಮೇಲೆ ಕುಳಿತು ಮೆಕೂರಿ ಅವರ ತಂಡವನ್ನು ಕೇಳುತ್ತಾ ಮನಸ್ಸಿನಲ್ಲೇ ಈ ಸಂಪಾದಕೀಯವನ್ನು ಬರೆಯತೊಡಗಿದ್ದೆ.

ಬ್ಲೂಗ್ರಾಸ್ ಸಂಪ್ರದಾಯವೆನಿಸಿಕೊಂಡರೂ ಬಹಳ ಹಳೆಯದೇನಲ್ಲ. ಕೆಂಟಕಿ ರಾಜ್ಯದ ಬಿಲ್ ಮನ್ರೋ ತಮ್ಮ ತಂಡವನ್ನು 'ಬ್ಲೂ ಗ್ರಾಸ್ ಬಾಯ್ಸ್' ಎಂದು ಕರೆದರು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳಿಂದ ನುಡಿಸುವ ಬ್ಯಾಂಜೊ ಹಿಡಿದು ಆ ತಂಡವನ್ನು ಸೇರಿದ ಮೇಲೆ ಈ ಸಂಗೀತಕ್ಕೆ ಇಂದಿನ ರೂಪ ಬಂತು. ನಮ್ಮಲ್ಲಿ ಬುಲ್‌ಬುಲ್ ತರಂಗವನ್ನೂ ಬ್ಯಾಂಜೊ ಎನ್ನುವ ರೂಢಿಯಿದೆ. ಇದು ಅದಲ್ಲ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿ ಈ ನೆಲಕ್ಕೆ ಬಂದು ರೂಪುಗೊಂಡ, ಚರ್ಮ ಬಿಗಿದ ಮುಖದ ವಾದ್ಯ.

1963ರಲ್ಲಿ ಡೆಲ್ ಮೆಕೂರಿ ಮನ್ರೋ ಅವರ ತಂಡವನ್ನು ಸೇರಲು ಹೋದದ್ದು ಬ್ಯಾಂಜೊ ವಾದಕರಾಗಿಯೇ. ಅದೇ ಹೊತ್ತಿಗೆ ಬಿಲ್ ಕೀತ್ ಎಂಬ ಮತ್ತೊಬ್ಬ ಬ್ಯಾಂಜೊ ವಾದಕರೂ ಬಂದಿದ್ದರಿಂದ ಮನ್ರೋ ಇವರ ಕೈಗೆ ಗಿಟಾರ್ ಕೊಟ್ಟು ಮುಖ್ಯ ಗಾಯಕರ ಜಾಗದಲ್ಲಿ ನಿಲ್ಲಿಸಿದರು. ಸುಮಾರು ಒಂದು ವರ್ಷದ ನಂತರ ಅವರು ಆ ತಂಡವನ್ನು ಬಿಟ್ಟರು. ಮುಂದೆ ಪೆನ್ಸಿಲ್ವೇನಿಯಾದಲ್ಲಿ ಮರ ಕಡಿಯುವ ಕೆಲಸ ಮಾಡಿ ಸಂಸಾರ ಸಾಕುತ್ತಾ, 1967ರಲ್ಲಿ ಸ್ವಂತ ತಂಡ ಕಟ್ಟಿ, ಬಿಡುವಿನಲ್ಲಿ ಹಾಡುತ್ತಾ ಬಂದರು. ವಾರವಿಡೀ ದುಡಿದು ಶನಿವಾರ ಹಾರ್ಮೋನಿಯಂ ಬಿಚ್ಚುವ ನಮ್ಮ ಕನ್ನಡ ಸಂಘದ ಹಲವರಿಗೆ ಈ ಬಾಳಿನ ಲಯ ಅಪರಿಚಿತವಾಗಿರಲಾರದು. 1981ರಲ್ಲಿ, ಹದಿನಾಲ್ಕರ ವಯಸ್ಸಿನ ಹಿರಿಯ ಮಗ ರಾನಿ ಮ್ಯಾಂಡೋಲಿನ್ ಹಿಡಿದು ಅಪ್ಪನ ತಂಡಕ್ಕೆ ಬಂದ. 1987ರಲ್ಲಿ ಕಿರಿಯವನಾದ ರಾಬ್ ಬಂದು, ಮೊದಲು ಬಾಸ್ ಎಂಬ ಮಂದ್ರಸ್ವರದ ತಂತಿವಾದ್ಯ ನುಡಿಸಿ, ಆಮೇಲೆ ಅಪ್ಪ ಬಿಟ್ಟುಕೊಟ್ಟಿದ್ದ ಬ್ಯಾಂಜೊ ಹಿಡಿದ. ಮುಂದೆ ಈ ತಂಡಕ್ಕೆ ಬಂದ ಪ್ರಶಸ್ತಿಗಳು ಹಲವು. ಅವುಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಪ್ಪ ಮಕ್ಕಳ ಕೈಗಳ ನಡುವಿನ ಕೆಲಸದ ಹಂಚಿಕೆ.

ಈ ಸಂಗೀತದ ಸಾಂಪ್ರದಾಯಿಕ ಮೇಳದಲ್ಲಿ ಡೋಲಿಲ್ಲ, ತಬಲಾ ಇಲ್ಲ. ತಾಳವನ್ನು ತಂತಿಗಳೇ ಹೊರಬೇಕು. ನಾಲ್ಕು ಎಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ಅಪ್ಪನ ಗಿಟಾರಿನ ದಪ್ಪ ತಂತಿ, ಬಾಸ್‌ನ ಜೊತೆಗೂಡಿ, ಧುಂ ಎನ್ನುತ್ತದೆ. ಎರಡು ಮತ್ತು ನಾಲ್ಕಕ್ಕೆ ಮಗನ ಮ್ಯಾಂಡೋಲಿನ್ ಚಕ್ ಎನ್ನುತ್ತದೆ. ಆ ಹೊಡೆತವನ್ನು ಅವರು 'ಚಾಪ್' ಎನ್ನುತ್ತಾರೆ: ಬಲಗೈ ತಂತಿಗಳನ್ನು ಒಮ್ಮೆಲೇ ಮೀಟಿದ ಮರುಕ್ಷಣವೇ ಎಡಗೈ ಬೆರಳುಗಳು, ತಂತಿಯನ್ನು ಬಿಡದೆ, ಒತ್ತಡವನ್ನಷ್ಟೇ ಸಡಿಲಿಸುತ್ತವೆ, ನಾದ ಹುಟ್ಟಿದಲ್ಲೇ ಅಡಗಿ, ಮರಕ್ಕೆ ಕೊಡಲಿ ತಾಗಿದಂಥ ಸದ್ದೊಂದು ಉಳಿಯುತ್ತದೆ. ಅಪ್ಪ ನುಡಿಸಿದ್ದನ್ನೇ ಮಗ ನುಡಿಸಿದ್ದರೆ ಆ ಎರಡು ಎಣಿಕೆಗಳು ಖಾಲಿ ಉಳಿಯುತ್ತಿದ್ದವು. ಮಗ ಬೇರೆ ವಾದ್ಯ ಹಿಡಿದು, ಅಪ್ಪ ಬಿಟ್ಟ ಜಾಗವನ್ನು ತುಂಬಿದ್ದಕ್ಕೇ ಆ ಲಯ ಪೂರ್ಣವಾಯಿತು.

ಇನ್ನು ಮೈಕಿನ ವಿಷಯ. ಪ್ರತಿ ವಾದ್ಯಕ್ಕೂ ಒಂದೊಂದು ಮೈಕು ಇಡುವುದು ವಾಡಿಕೆಯಾಗಿದ್ದ 1990ರ ದಶಕದಲ್ಲಿ ಮೆಕೂರಿ ತಂಡ, ಸೂಟು ಟೈ ತೊಟ್ಟು, ಹಳೆಯ ಕಾಲದವರಂತೆ ಒಂದೇ ಮೈಕಿನ ಸುತ್ತ ನಿಂತು ಹಾಡತೊಡಗಿತು. ಆ ಪದ್ಧತಿಯಲ್ಲಿ ಧ್ವನಿಯ ಏರಿಳಿತವನ್ನು ಯಂತ್ರದ ಮುಂದೆ ಕುಳಿತವರು ಸರಿಪಡಿಸುವುದಿಲ್ಲ. ವೇದಿಕೆಯ ಮೇಲಿರುವವರೇ ಹೆಜ್ಜೆಗಳಿಂದ ಸರಿಪಡಿಸಬೇಕು. ಪಲ್ಲವಿಗೆ ಮೂರು ತಲೆಗಳು ಮೈಕಿನ ಬಳಿ ಕೂಡುತ್ತವೆ. ಪಲ್ಲವಿ ಮುಗಿಯುತ್ತಿದ್ದಂತೆ ಅಪ್ಪ ಗಿಟಾರಿನ ಕತ್ತನ್ನು ಮೇಲೆತ್ತಿ ಓರೆಯಾಗಿ ಹಿಂದೆ ಸರಿಯಬೇಕು, ಅದೇ ತೆರವಿನಲ್ಲಿ ಮಗ ಮ್ಯಾಂಡೋಲಿನ್ ಅನ್ನು ಎದೆಯೆತ್ತರಕ್ಕೆ ಹಿಡಿದು ಒಳನುಗ್ಗಬೇಕು, ಅವನ ಸರದಿ ಮುಗಿಯುವ ಮುನ್ನವೇ ಪಿಟೀಲಿನವರು ಬದಿಯಲ್ಲಿ ಸಿದ್ಧರಾಗಿರಬೇಕು. ಮಾತಿಲ್ಲ, ಸನ್ನೆಯೂ ಇಲ್ಲವೆನ್ನುವಷ್ಟು ಕಡಿಮೆ. ಹಿರಿಯರು ಹಿಂದೆ ಸರಿದದ್ದು ಸೋತು ಅಲ್ಲ. ಮುಂದಿನ ಚರಣಕ್ಕೆ ಅವರು ಮತ್ತೆ ಬರುತ್ತಾರೆ, ಆಗ ಮಗ ಸರಿಯುತ್ತಾನೆ. ಮಕ್ಕಳಿಗೆ ಅವರದೇ ದಾರಿಯೂ ಇದೆ: 'ಟ್ರಾವೆಲಿನ್ ಮೆಕೂರೀಸ್' ಎಂಬ ಬೇರೆ ಹೆಸರಿನಲ್ಲಿ ಅವರು ನುಡಿಸುತ್ತಾರೆ, 2019ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದಿದ್ದಾರೆ. ಹಾಗಿದ್ದೂ ಅಪ್ಪನ ಪಕ್ಕದ ಜಾಗವನ್ನು ಬಿಟ್ಟಿಲ್ಲ.

ನಮ್ಮ ಸಂಘದಲ್ಲಿ ಮಕ್ಕಳು ಹಾಡುತ್ತಾರೆ, ಹಿರಿಯರೂ ಹಾಡುತ್ತಾರೆ; ಆದರೆ ಮೊದಲು ಮಕ್ಕಳ ಕಾರ್ಯಕ್ರಮ, ಆಮೇಲೆ ದೊಡ್ಡವರದು. ಮಗು ವೇದಿಕೆಯ ಮೇಲಿದ್ದಾಗ ನಾವು ಫೋನ್ ಹಿಡಿದು ಕೆಳಗೆ ನಿಂತಿರುತ್ತೇವೆ, ನಮ್ಮ ಸರದಿ ಬರುವಾಗ ಮಕ್ಕಳು ಊಟದ ಕೋಣೆಯಲ್ಲಿರುತ್ತಾರೆ. ಮೈಸೂರು ಅನಂತಸ್ವಾಮಿ ಅವರ ಭಾವಗೀತೆಗಳನ್ನು ಮಗ ರಾಜು ಅನಂತಸ್ವಾಮಿ ಹಾಡಿದ್ದನ್ನು ಕೇಳಿದವರು ನಾವು. ಅಂಥ ಕಲಿಕೆ ವಾರಕ್ಕೊಂದು ತಾಸಿನ ತರಗತಿಯಿಂದಷ್ಟೇ ಬರುವುದಲ್ಲ ಎಂಬುದನ್ನು ನಾನು ಬಲವಾಗಿ ನಂಬುತ್ತೇನೆ. ನನ್ನ ಮಗ ಶಾಲೆಯ ವಾದ್ಯವೃಂದದಲ್ಲಿ ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುತ್ತಾನೆ. ಕಂಬರ್ಲೆಂಡ್‌ನಿಂದ ಬಂದ ಮರುದಿನ ಅಡುಗೆಮನೆಯಲ್ಲಿ ನಾನು ನನ್ನ ತಾಯಿಯಿಂದ ಕಲಿತ ದೇವರನಾಮವೊಂದನ್ನು ಹಾಡಿದೆ, ಅವನು ಒಂದೇ ಒಂದು ಷಡ್ಜವನ್ನು ಎಳೆದು ಹಿಡಿದ. ಮೂರನೆಯ ಸಲಕ್ಕೆ, ಈ ಸಾಲಿನ ಅರ್ಥವೇನು ಎಂದು ಅವನಾಗಿಯೇ ಕೇಳಿದ.

ಈ ಬಾರಿಯ ರಾಜ್ಯೋತ್ಸವದಲ್ಲಿ ಅರ್ಧ ಗಂಟೆಯನ್ನು ತಂದೆ ಅಥವಾ ತಾಯಿ ತಮ್ಮ ಮಗ, ಮಗಳ ಜೊತೆಗೂಡಿ ಹಾಡುವ, ನುಡಿಸುವ ಕಾರ್ಯಕ್ರಮಕ್ಕೆಂದು ಸಮಿತಿ ಮೀಸಲಿಟ್ಟಿದೆ. ಹಾಡು ಕನ್ನಡದ್ದಾಗಿರಬೇಕು; ವಾದ್ಯ ಯಾವುದಾದರೂ ಆಗಬಹುದು. ಹೆಸರುಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿ. ಆ ಅರ್ಧ ಗಂಟೆ ವೇದಿಕೆಯ ಮೇಲೆ ಒಂದೇ ಮೈಕು ಇರುತ್ತದೆ.