ಮಗಳಿಗೊಂದು ಪತ್ರ: ಹಬ್ ಮೋಟಾರ್ ಕೂರಿಸುವ ಮೊದಲು

ಪ್ರೀತಿಯ ಮಗಳೇ,

ಸೈಕಲ್ ಚಕ್ರದ ನಡುವೆ ಕೂರುವ ಹಬ್ ಮೋಟಾರಿನ ಕಿಟ್ ಕೈಗೆ ಬಂತು, ಭಾನುವಾರ ನಾನೇ ಕೂರಿಸ್ತೀನಿ ಅಂದೆಯಲ್ಲ. ಕೂರಿಸು. ನಿನ್ನ ಕೈಲಾಗದ್ದು ಅದರಲ್ಲಿ ಏನೂ ಇಲ್ಲ. ಆದರೆ ಡಬ್ಬದೊಳಗೆ ಬರುವ ಸೂಚನೆಯ ಹಾಳೆ ಸಮತಟ್ಟಾದ ಊರಿಗೆ ಬರೆದದ್ದು. ನೀನಿರುವುದು ಮಡಿಕೇರಿಯಲ್ಲಿ. ಅಲ್ಲಿ ಏರು, ಇಳಿಜಾರು, ಮಳೆ ಮೂರೂ ಸೇರಿ ಸೈಕಲ್ಲನ್ನು ಪರೀಕ್ಷೆ ಮಾಡುತ್ತವೆ. ಫೋನಿನಲ್ಲಿ ಹೇಳಿದರೆ ಅಳತೆಗಳು ಮರೆತುಹೋಗುತ್ತವೆ ಅಂತ ಬರೆದು ಕಳಿಸುತ್ತಿದ್ದೇನೆ. ಕೆಲಸ ಮಾಡುವಾಗ ಈ ಪತ್ರವನ್ನು ಸ್ಪ್ಯಾನರ್ ಪಕ್ಕದಲ್ಲೇ ಇಟ್ಟುಕೋ.

ನೀನು ತರಿಸಿರುವುದು 36 ವೋಲ್ಟ್, 250 ವ್ಯಾಟ್, ಒಳಗೆ ಗೇರ್ ಇರುವ ಹಿಂಚಕ್ರದ ಮೋಟಾರ್. ಸರಿಯಾದ ಆಯ್ಕೆ. ಗೇರ್ ಇಲ್ಲದ ಮೋಟಾರ್ ತೂಕ ಜಾಸ್ತಿ, ಏರಿನಲ್ಲಿ ನಿಧಾನವಾದ ಕೂಡಲೇ ಬಿಸಿಯಾಗುತ್ತದೆ. ಮುಂಚಕ್ರದ್ದಾದರೆ ಕಡಿದಾದ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿ, ಒದ್ದೆ ರಸ್ತೆಯಲ್ಲಿ ಚಕ್ರ ನಿಂತಲ್ಲೇ ಜಾರುತ್ತದೆ. ಮೋಟಾರಿನ ಮೇಲೆ ಕೆತ್ತಿರುವ ಆರ್‌ಪಿಎಂ ಒಮ್ಮೆ ನೋಡು. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್, ನಿಮಿಷಕ್ಕೆ 200 ಸುತ್ತು ಅಂದರೆ ಗಂಟೆಗೆ 25 ಕಿ.ಮೀ. ಬೇಕಾದದ್ದು ಅಷ್ಟೇ. 300 ದಾಟಿದ್ದರೆ ಬದಲಾಯಿಸಿಕೋ. ಅದು ಓಡುವ ಮೋಟಾರ್, ಹತ್ತುವ ಮೋಟಾರ್ ಅಲ್ಲ. ಇನ್ನೊಂದು ಕಾರಣವೂ ಇದೆ: 250 ವ್ಯಾಟ್ ಮತ್ತು 25 ಕಿ.ಮೀ. ವೇಗದ ಮಿತಿಯೊಳಗಿದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಮೋಟಾರು ವಾಹನವಲ್ಲ, ನೋಂದಣಿ ಬೇಕಿಲ್ಲ. ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರಿನಲ್ಲಿ ವೇಗ ಮಿತಿಗೆ ಅಂತ ಒಂದು ವೈರಿನ ಜೋಡಿ ಇದ್ದರೆ ಅದನ್ನು ಬಿಚ್ಚಲು ಹೋಗಬೇಡ.

ಈಗ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು. ಇಲ್ಲಿ ಅವಸರ ಮಾಡಬೇಡ, ಅರ್ಧ ದಿನ ಹಿಡಿದರೂ ಹಿಡಿಯಲಿ.

ಮಾಮೂಲಿ ಸೈಕಲ್ಲಿನ ಆಕ್ಸಲ್ ಚಕ್ರವನ್ನು ಹಿಡಿದುಕೊಂಡರೆ ಸಾಕು. ಹಬ್ ಮೋಟಾರಿನಲ್ಲಿ ಹಾಗಲ್ಲ. ಚಕ್ರ ಮುಂದಕ್ಕೆ ತಿರುಗುವಾಗ ಅಷ್ಟೇ ಬಲದಿಂದ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಆಕ್ಸಲ್ 12 ಮಿ.ಮೀ. ದಪ್ಪ, ಎರಡು ಬದಿ ಚಪ್ಪಟೆ ಮಾಡಿ 10 ಮಿ.ಮೀ.ಗೆ ಇಳಿಸಿರುತ್ತಾರೆ. 35 ನ್ಯೂಟನ್ ಮೀಟರಿನ ತಿರುಚುಬಲ ಆ ಚಪ್ಪಟೆ ಬದಿಗಳ ಅಂಚಿನ ಮೇಲೆ ಬಿದ್ದರೆ ನೂರಾರು ಕಿಲೋ ಭಾರ ಹೇರಿದ ಹಾಗೆ. ಫ್ರೇಮಿನ ಕಚ್ಚು, ಅಂದರೆ ಆಕ್ಸಲ್ ಕೂರುವ ಸೀಳು, ಅಗಲವಾಗಿದ್ದರೆ ಅಥವಾ ನಟ್ ಸಡಿಲವಾದರೆ ಆಕ್ಸಲ್ ಒಳಗೇ ಸುತ್ತುತ್ತದೆ, ಮೋಟಾರಿನ ವೈರ್ ತಿರುಚಿ ಕತ್ತರಿಸಿಹೋಗುತ್ತದೆ, ಚಕ್ರವೇ ಕಳಚಿ ಬರಲೂಬಹುದು.

ಹಾಗಾಗಿ ಮೊದಲು ಬಣ್ಣ ಹಚ್ಚಿದ ಕಚ್ಚಿನೊಳಗೆ ಆಕ್ಸಲ್ ಇಟ್ಟು ನೋಡು. ಬಿಗಿಯಾಗಿದ್ದರೆ ಚಪ್ಪಟೆ ಅರದಲ್ಲಿ ಬಣ್ಣ ಹೋಗುವಷ್ಟು ಮಾತ್ರ ಉಜ್ಜು, ಎರಡೂ ಬದಿ ಸಮನಾಗಿ. ನಾಲ್ಕು ಸಲ ಉಜ್ಜಿ ಒಮ್ಮೆ ಇಟ್ಟು ನೋಡು. ಆಕ್ಸಲ್ ಕೈಯಲ್ಲಿ ಒತ್ತಿದಾಗ ತಳದವರೆಗೆ ಹೋಗಬೇಕು, ಆದರೆ ಅಲ್ಲಾಡಬಾರದು. ಹಿಂದಿನ ಎರಡು ಕಚ್ಚುಗಳ ನಡುವೆ 135 ಮಿ.ಮೀ. ಇರಬೇಕು. ನಿನ್ನದು ಉಕ್ಕಿನ ಫ್ರೇಮ್, ಎರಡು ಮೂರು ಮಿ.ಮೀ. ಕಡಿಮೆ ಇದ್ದರೆ ಕೈಯಲ್ಲಿ ಅಗಲಿಸಿ ಕೂರಿಸಬಹುದು. ಅಲ್ಯೂಮಿನಿಯಂ ಆಗಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಅದು ಬಾಗುವುದಿಲ್ಲ, ಸೀಳುತ್ತದೆ.

ಮೋಟಾರ್ ಚಕ್ರಕ್ಕೆ ಹಳೆಯ ಫ್ರೀವೀಲ್ (ಚೈನ್ ಕೂರುವ ಹಲ್ಲುಚಕ್ರ) ಹಾಕುವಾಗ ತಿರುಪಿನ ಮರೆಗಳಿಗೆ ಗ್ರೀಸ್ ಹಚ್ಚು, ಇಲ್ಲದಿದ್ದರೆ ಮುಂದೆ ಬಿಚ್ಚಲು ಬರುವುದಿಲ್ಲ. ಆಮೇಲೆ ಚಕ್ರ ಕೂರಿಸಿ, ನಾಲಗೆ ಇರುವ ವಾಷರ್ ಹಾಕು. ಆ ನಾಲಗೆ ಕಚ್ಚಿನೊಳಗೇ ಕೂರಬೇಕು. ಅದರ ಮೇಲೆ ಟಾರ್ಕ್ ಆರ್ಮ್, ಅಂದರೆ ಆಕ್ಸಲ್ ಸುತ್ತದಂತೆ ಹಿಡಿಯುವ ಪಟ್ಟಿ. ಕಿಟ್ಟಿನ ಜೊತೆ ಬಂದಿರುವುದು ತಗಡಿನಂತೆ ತೆಳುವಾಗಿದ್ದರೆ 5 ಮಿ.ಮೀ. ದಪ್ಪದ ಉಕ್ಕಿನದ್ದನ್ನು ಬೇರೆ ತಗೋ. ಅದರ ಇನ್ನೊಂದು ತುದಿಯನ್ನು ಫ್ರೇಮಿನ ಪೈಪಿಗೆ ಕ್ಲ್ಯಾಂಪಿನಿಂದ ಬಿಗಿ. ನಟ್ಟಿಗೆ 40 ನ್ಯೂಟನ್ ಮೀಟರ್ ಬಿಗಿತ ಬೇಕು: 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 16 ಕಿಲೋ ಭಾರ ಹಾಕಿದಷ್ಟು. ವೈರ್ ಆಕ್ಸಲಿನಿಂದ ಹೊರಬರುವ ಬಾಯಿ ಕೆಳಕ್ಕೆ ಮುಖ ಮಾಡಿರಲಿ. ವೈರನ್ನು ಆಕ್ಸಲಿಗಿಂತ ಒಂದೆರಡು ಇಂಚು ಕೆಳಗೆ ಇಳಿಸಿ, ಆಮೇಲೆ ಮೇಲಕ್ಕೆ ಒಯ್ದು ಫ್ರೇಮಿಗೆ ಕಟ್ಟು. ಮಳೆನೀರು ವೈರ್ ಹಿಡಿದು ಇಳಿಯುತ್ತಾ ಮೋಟಾರಿಗೆ ನುಗ್ಗದೆ ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಮೋಟಾರಿನ ವೈರ್ ಸೇರಿಸುವ ಕನೆಕ್ಟರಿನ ಎರಡು ತುಂಡುಗಳಲ್ಲೂ ಬಾಣದ ಗುರುತು ಇದೆ. ಬಾಣಕ್ಕೆ ಬಾಣ ಎದುರಿಟ್ಟು ನೇರವಾಗಿ ಒತ್ತು, ತಿರುಗಿಸಬೇಡ. ಒಳಗಿನ ಸಣ್ಣ ಪಿನ್ ಬಾಗಿದರೆ ಸರಿಮಾಡುವುದು ಕಷ್ಟ. ಕಂಟ್ರೋಲರ್ ಬಾಕ್ಸಿನ ವೈರುಗಳೂ ಕೆಳಮುಖವಾಗಿರಲಿ, ಆದರೆ ಗಾಳಿ ಆಡದ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡ, ಅದಕ್ಕೆ ಶಾಖ ಬಿಡಲು ಜಾಗ ಬೇಕು. ಬ್ಯಾಟರಿ ಫ್ರೇಮಿನ ನಡುವೆ, ನೀರಿನ ಬಾಟಲ್ ಕಟ್ಟುವ ಜಾಗದಲ್ಲಿ. ಕ್ಯಾರಿಯರ್ ಮೇಲೆ ಇಟ್ಟರೆ ಮೋಟಾರ್, ಬ್ಯಾಟರಿ ಎರಡರ ತೂಕವೂ ಹಿಂದೆಯೇ ಬಿದ್ದು ತಿರುವಿನಲ್ಲಿ ಸೈಕಲ್ ಬಾಲ ಅಲ್ಲಾಡಿಸುತ್ತದೆ.

ತುಳಿಯುವುದನ್ನು ಗುರುತಿಸಿ ಮೋಟಾರ್ ಶುರುಮಾಡುವ ಪೆಡಲ್ ಸೆನ್ಸರಿನ ಅಯಸ್ಕಾಂತದ ಬಿಲ್ಲೆಗೂ ಸೆನ್ಸರಿಗೂ ನಡುವೆ 2 ಮಿ.ಮೀ. ಅಂತರ ಸಾಕು. ಮುಂದಕ್ಕೆ ತುಳಿದರೆ ಸುಮ್ಮನಿದ್ದು ಹಿಂದಕ್ಕೆ ತುಳಿದಾಗ ಮೋಟಾರ್ ತಿರುಗಿದರೆ ಬಿಲ್ಲೆ ತಿರುಗುಮುರುಗಾಗಿದೆ ಅಂತ ತಿಳಿ. ಬ್ರೇಕ್ ಹಿಡಿದರೆ ಮೋಟಾರ್ ನಿಲ್ಲಿಸುವ ಲಿವರುಗಳನ್ನು ಎರಡೂ ಕಡೆ ಹಾಕಲೇಬೇಕು. ಥ್ರಾಟಲಿನೊಳಗೆ ನೀರು ಹೋದರೆ ಅದು ತಾನಾಗಿಯೇ ಕರೆಂಟ್ ಕೇಳಬಹುದು, ಆಗ ನಿನ್ನನ್ನು ಕಾಯುವುದು ಆ ಲಿವರೇ. ಚಕ್ರ ಎತ್ತಿ ಥ್ರಾಟಲ್ ಕೊಟ್ಟು, ಒಂದೊಂದೇ ಬ್ರೇಕ್ ಹಿಡಿದು ನೋಡು. ಎರಡರಲ್ಲೂ ಮೋಟಾರ್ ಆ ಕ್ಷಣವೇ ನಿಲ್ಲಬೇಕು.

ಏರಿನ ಲೆಕ್ಕ ಹೇಳುತ್ತೇನೆ. ನೀನು, ಸೈಕಲ್, ಬ್ಯಾಗ್ ಸೇರಿ 82 ಕಿಲೋ ಅನ್ನು. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 12 ಕಿ.ಮೀ. ಹೋಗಲು ಸುಮಾರು 250 ವ್ಯಾಟ್ ಬೇಕು. ಪೂರ್ತಿ ಮೋಟಾರಿಗೇ ಬಿಟ್ಟರೆ ಅದರ ಶಕ್ತಿಯ ಕೊನೆಯಂಚಿಗೆ ಬಂದ ಹಾಗೆ. ವೇಗ ಎಂಟಕ್ಕಿಂತ ಕೆಳಗಿಳಿದರೆ ಕರೆಂಟಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ, ಒಳಗಿನ ನೈಲಾನ್ ಗೇರ್ ಮೆತ್ತಗಾಗಿ ಹಲ್ಲು ಸವೆಯುತ್ತದೆ. ಸಣ್ಣ ಗೇರಿಗೆ ಹಾಕಿ ನೀನೂ ತುಳಿದು 80-100 ವ್ಯಾಟ್ ಕೊಟ್ಟರೆ ಮೋಟಾರ್ ನೆಮ್ಮದಿಯಾಗಿರುತ್ತದೆ. ಏರು ಮುಗಿದ ಮೇಲೆ ಹಬ್ಬಿನ ಮೇಲೆ ಅಂಗೈ ಇಡು. ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಹತ್ತು ನಿಮಿಷ ನಿಲ್ಲು.

ನೂರು ಮೀಟರ್ ಎತ್ತರ ಏರಲು ಬ್ಯಾಟರಿಯಿಂದ ಸುಮಾರು 32 ವ್ಯಾಟ್ ಅವರ್ ಖರ್ಚು. ನಿನ್ನ 36 ವೋಲ್ಟ್, 7.8 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದೇ 280 ವ್ಯಾಟ್ ಅವರ್. ಕುಶಾಲನಗರದಿಂದ ಮಡಿಕೇರಿಗೆ ಮುನ್ನೂರು ಮೀಟರಿಗಿಂತ ಹೆಚ್ಚು ಏರಬೇಕು, ನಡುವೆ ಇಳಿದು ಮತ್ತೆ ಏರುವುದು ಬೇರೆ, ದೂರವೂ ಸುಮಾರು 30 ಕಿ.ಮೀ. ಪೂರ್ತಿ ಚಾರ್ಜ್ ಇದ್ದರೂ ಊರು ಮುಟ್ಟುವ ಹೊತ್ತಿಗೆ ಬರಿದಾಗುತ್ತದೆ. ಹಾಗಾಗಿ ಊರೊಳಗಿನ ಓಡಾಟಕ್ಕೆ ಇಟ್ಟುಕೋ. ಇಳಿಜಾರಿನಲ್ಲಿ ಈ ಮೋಟಾರ್ ಕರೆಂಟ್ ವಾಪಸ್ ಕೊಡುವುದಿಲ್ಲ, ತಡೆಯುವುದೂ ಇಲ್ಲ. ಒಳಗಿನ ಕ್ಲಚ್ ಬಿಟ್ಟುಕೊಡುತ್ತದೆ. ಏಳೆಂಟು ಕಿಲೋ ಹೆಚ್ಚಿದ ಸೈಕಲ್ಲನ್ನು ನಿಲ್ಲಿಸುವುದು ಬ್ರೇಕ್ ಮಾತ್ರ. ಮಳೆಗಾಲದಲ್ಲಿ ಕೆಸರು ಮರಳುಕಾಗದದಂತೆ ಬ್ರೇಕ್ ಪ್ಯಾಡ್ ತಿನ್ನುತ್ತದೆ, ವಾರಕ್ಕೊಮ್ಮೆ ನೋಡು.

ಮಳೆಯಲ್ಲಿ ಓಡಿಸಬಹುದು, ಹೆದರಬೇಡ. ನಿಂತ ನೀರು ಮಾತ್ರ ಬೇರೆ ಮಾತು. ಜುಲೈನಲ್ಲಿ ಭಾಗಮಂಡಲ, ನಾಪೋಕ್ಲು ಕಡೆಯ ರಸ್ತೆ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಒಂದು ಗೇಣಿಗಿಂತ ಹೆಚ್ಚು ನೀರಿದ್ದರೆ ಹಬ್ ಮುಳುಗಲು ಶುರುವಾಗುತ್ತದೆ. ಏರು ಹತ್ತಿ ಕಾದ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಆಕ್ಸಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಒಳಗೆ ತುಕ್ಕು ಶುರುವಾಗಿರುತ್ತದೆ. ಅದೇ ಕಾರಣಕ್ಕೆ ವಾಟರ್ ಸರ್ವಿಸ್ ಪೈಪಿನ ಮುಂದೆ ಸೈಕಲ್ ನಿಲ್ಲಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು.

ಬ್ಯಾಟರಿ ತುಂಬಿದಾಗ 42 ವೋಲ್ಟ್ ತೋರಿಸುತ್ತದೆ. 2 ಆಂಪಿಯರ್ ಚಾರ್ಜರಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಎದ್ದಿರುವಾಗಲೇ ಚಾರ್ಜ್ ಮಾಡು, ಸಿಮೆಂಟ್ ನೆಲದ ಮೇಲೆ, ಪರದೆ ಹಾಸಿಗೆಗಳಿಂದ ದೂರ. ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡು. ರಜೆಗೆ ಮನೆಗೆ ಬರುವಾಗ 37-38 ವೋಲ್ಟಿನಲ್ಲಿ ಬಿಟ್ಟು ಬಾ. ತುಂಬಿಸಿಯೂ ಅಲ್ಲ, ಬರಿದು ಮಾಡಿಯೂ ಅಲ್ಲ.

ಮೋಟಾರ್ ನಡುಗುತ್ತಾ ಗರಗರ ಅಂದರೆ ಮೊದಲು ಕನೆಕ್ಟರ್ ಬಿಚ್ಚಿ ಪಿನ್ ನೋಡು, ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ. ಏರಿನಲ್ಲಿ ಮಾತ್ರ ಪೂರ್ತಿ ಆಫ್ ಆಗಿ, ಸ್ವಿಚ್ ಹಾಕಿದರೆ ಮತ್ತೆ ಬಂದರೆ ಬ್ಯಾಟರಿಯ ಯಾವುದೋ ಸೆಲ್ ಸಾಲು ಸೋತಿರಬಹುದು. ಅದನ್ನು ನೀನು ಬಿಚ್ಚಬೇಡ. ಮೊದಲ 100 ಕಿ.ಮೀ. ಆದಮೇಲೆ ಹಿಂಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡು, ಸಡಿಲವಾದದ್ದು ಕೈಗೇ ತಿಳಿಯುತ್ತದೆ. ನಟ್ಟನ್ನೂ ಆಗಲೇ ಮತ್ತೆ ಬಿಗಿ. 18-19ರ ಸ್ಪ್ಯಾನರ್ ಸದಾ ಬ್ಯಾಗಿನಲ್ಲಿರಲಿ, ಅದಿಲ್ಲದೆ ಹಿಂಚಕ್ರ ಬಿಚ್ಚಲಾಗದು.

ಭಾನುವಾರ ಕೆಲಸ ಮುಗಿದ ಮೇಲೆ ಆಕ್ಸಲಿನ ಎರಡೂ ಬದಿಯ ಫೋಟೊ ಹತ್ತಿರದಿಂದ ತೆಗೆದು ಕಳಿಸು. ವಾಷರಿನ ನಾಲಗೆ ಕಚ್ಚಿನೊಳಗೆ ಕೂತಿದೆಯಾ ಅಂತ ನಾನು ನೋಡಬೇಕು. ಹೇಳುವವರೆಗೆ ರಸ್ತೆಗೆ ಇಳಿಸಬೇಡ.

ನಿನ್ನ
ಅಮ್ಮ